ನಮ್ಮ ಕೋಲ್ಡ್ ರೂಮಿಗೆ ಬಂದ ಕಂಪನಿ ನೆರವು: ಹತ್ತು ತಿಂಗಳಾದ ಮೇಲೆ

ಹಸಿದವರಿಗೆ ಆಹಾರ ಹಂಚುವ ಸಂಸ್ಥೆಯೊಂದರಲ್ಲಿ ದಾಸ್ತಾನು ನೋಡಿಕೊಳ್ಳುವುದು ನನ್ನ ಕೆಲಸ. ದೊಡ್ಡ ಕಂಪನಿಯೊಂದು ತನ್ನ ಖರ್ಚಿನಲ್ಲಿ ಆಹಾರ ಕೆಡದಂತೆ ತಣ್ಣಗಿಡುವ ನಮ್ಮ ಕೋಲ್ಡ್ ರೂಮಿನ ಕರೆಂಟ್ ಉಳಿಸುವ ಕೆಲಸ ಮಾಡಿಸಿಕೊಟ್ಟು ಹತ್ತು ತಿಂಗಳಾಯಿತು. ಇಂಥ ನೆರವು ಬಂದರೆ ಒಪ್ಪಿಕೊಳ್ಳೋಣವೇ ಎಂದು ಕೇಳುವವರಿಗೆ ನನ್ನ ಉತ್ತರ: ಖಂಡಿತ ಒಪ್ಪಿಕೊಳ್ಳಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಊಟಕ್ಕೆ ದುಡ್ಡು ಕೊಡುವವರು ಸಿಗುತ್ತಾರೆ, ಕರೆಂಟ್ ಬಿಲ್ಲಿಗೆ ಕೊಡುವವರು ಸಿಗುವುದಿಲ್ಲ. ಫ್ರೀಜರ್ ಮಾತ್ರ ಮೈನಸ್ 18 ಡಿಗ್ರಿಯಲ್ಲಿ ಹಗಲೂ ರಾತ್ರಿ ಇರಲೇಬೇಕು. ಆ ಬಿಲ್ಲು ಕೊನೆಗೆ ಯಾರದೋ ತಟ್ಟೆಯಿಂದಲೇ ಹೋಗುತ್ತದೆ.

ಅವರು ಕಳಿಸಿದ ಎಂಜಿನಿಯರ್ ಮೊದಲ ದಿನ ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಒಂದು ಕಾಗದದ ಚೂರನ್ನು ಬಾಗಿಲಿನ ಸಂದಿಗಿಟ್ಟು, ಬಾಗಿಲು ಮುಚ್ಚಿ, ಕಾಗದ ಎಳೆದರು. ಮೇಲೆಲ್ಲ ಬಿಗಿಯಾಗಿತ್ತು. ಕೆಳಮೂಲೆಯಲ್ಲಿ ಸಲೀಸಾಗಿ ಜಾರಿ ಬಂತು. ಬಾಗಿಲಿನ ಅಂಚಿಗೆ ಗಾಳಿ ನುಗ್ಗದಂತೆ ಹಾಕುವ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಅಲ್ಲಿ ಸೀಳಿತ್ತು. ಆಮೇಲೆ ನನ್ನನ್ನು ಒಳಗೆ ಕರೆದೊಯ್ದು ಗಾಳಿಯನ್ನು ತಣ್ಣಗಾಗಿಸುವ ಕೊಳವೆಗಳ (ಕಾಯಿಲ್) ಮೇಲೆ ಕಟ್ಟಿದ್ದ ಹಿಮ ತೋರಿಸಿದರು. ಸಂದಿಯಲ್ಲಿ ನುಗ್ಗಿದ ಹೊರಗಿನ ತೇವದ ಗಾಳಿಯೇ ಹಾಗೆ ಹಿಮವಾಗಿ ಕೂರುತ್ತದೆ, ಹಿಮ ದಪ್ಪವಾದಷ್ಟೂ ಕಂಪ್ರೆಸರ್ ಹೆಚ್ಚು ಹೊತ್ತು ಓಡಬೇಕಾಗುತ್ತದೆ ಎಂದರು. ಹಿಮ ಕಂಡರೆ ಒಳಗೆ ಚೆನ್ನಾಗಿ ತಣ್ಣಗಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಹೊಸ ಗ್ಯಾಸ್ಕೆಟ್, ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ, ಎಲ್‌ಇಡಿ ದೀಪ ಬಂದವು. ಒಳಗಿನ ಫ್ಯಾನುಗಳಿಗೆ ಇಸಿ ಮೋಟಾರ್, ಅಂದರೆ ಎಲೆಕ್ಟ್ರಾನಿಕ್ ನಿಯಂತ್ರಣದ ಮೋಟಾರ್, ಹಾಕಿದರು. ಹಳೆಯದಕ್ಕೆ ಬೇಕಿದ್ದ ಕರೆಂಟಿನ ಅರ್ಧವೂ ಇದಕ್ಕೆ ಬೇಡ. ಕೋಲ್ಡ್ ರೂಮಿನೊಳಗೆ ದೀಪ, ಮೋಟಾರ್ ಉಗುಳುವ ಬಿಸಿಯನ್ನು ಹೊರಹಾಕಲೂ ಮತ್ತೆ ಕರೆಂಟೇ ಬೇಕು, ಹಾಗಾಗಿ ಇಲ್ಲಿ ಉಳಿಸಿದ್ದು ಎರಡು ಕಡೆ ಉಳಿಯುತ್ತದೆ. ಪ್ರತಿ ಸೋಮವಾರ ಮೀಟರ್ ನೋಡಿ ಬರೆದಿಡುತ್ತೇನೆ. ಮೊದಲಿಗಿಂತ ಸುಮಾರು ಕಾಲು ಭಾಗ ಕಡಿಮೆ ಓಡುತ್ತಿದೆ.

ತೊಂದರೆಗಳೂ ಇದ್ದವು. ರ‍್ಯಾಕ್ ಹಿಂದೆ ಕೂತು ಹಾಲಿನ ಪ್ಯಾಕೆಟ್‌ಗಳ ದಿನಾಂಕ ನೋಡುತ್ತಿದ್ದರೆ ಓಡಾಟ ಕಂಡರಷ್ಟೇ ಉರಿಯುವ ಸೆನ್ಸರ್ ದೀಪ ಆರಿಹೋಗುತ್ತಿತ್ತು. ಎರಡು ವಾರ ಫೋನ್ ಮಾಡಿದ ಮೇಲೆ ಸರಿಪಡಿಸಿದರು. ಕಂಪನಿಯ ಪ್ರಚಾರದವರು ಆಹಾರಕ್ಕಾಗಿ ಸಾಲಿನಲ್ಲಿ ನಿಂತವರ ಫೋಟೊ ಕೇಳಿದಾಗ ಆಗುವುದಿಲ್ಲ ಎಂದೆ. ಬಾಗಿಲಿನ ಫೋಟೊ ತೆಗೆದುಕೊಂಡು ಹೋದರು, ಮತ್ತೆ ಒತ್ತಾಯಿಸಲಿಲ್ಲ. ಅದಕ್ಕೆ ಅವರ ಮೇಲೆ ಗೌರವವಿದೆ.

ಒಂದು ಅಂಕ ಕಳೆದದ್ದು ಒಪ್ಪಂದಕ್ಕೆ. ಅದರಲ್ಲಿ ಜೋಡಿಸಿಕೊಡುವುದಷ್ಟೇ ಇತ್ತು, ನಿರ್ವಹಣೆಯ ಮಾತೇ ಇರಲಿಲ್ಲ. ಗ್ಯಾಸ್ಕೆಟ್ ಸವೆಯುವ ವಸ್ತು, ಒಳಗಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್ ಧೂಳು ಹಿಡಿಯುವ ವಸ್ತು. ಸಹಿ ಹಾಕುವ ಮುಂಚೆ ಎರಡನೇ ವರ್ಷ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಾನು ಕೇಳಲಿಲ್ಲ. ಈಗ ಕಂಡೆನ್ಸರನ್ನು ನಮ್ಮ ಸ್ವಯಂಸೇವಕರೇ ಬ್ರಷ್ ಹಿಡಿದು ತಿಂಗಳಿಗೊಮ್ಮೆ ಒರೆಸುತ್ತಾರೆ, ಮೀಟರ್ ನೋಡುವ ದಿನ ನಾನು ಕಾಗದದ ಪರೀಕ್ಷೆಯನ್ನೂ ಮಾಡುತ್ತೇನೆ. ಕಳೆದ ಸೋಮವಾರ ಕಾಗದ ಅದೇ ಕೆಳಮೂಲೆಯಲ್ಲಿ ಜಾರಿ ಬಂತು, ಟ್ರಾಲಿ ತಗಲುವ ಜಾಗದಲ್ಲಿ. ಕಂಪನಿಗೆ ಪತ್ರ ಬರೆದಿದ್ದೇನೆ.