ಕಾಫಿಪುಡಿ ಲೆಕ್ಕ ಕೇಳಿದ ಟ್ಯಾಕ್ಸ್ ಮೇಡಂ

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆ ಕಡೆ ಒಂದು ಸಣ್ಣ ಗಲ್ಲಿ. ಕೆಳಗೆ ಟೈಲರ್ ಅಂಗಡಿ, ಮೇಲೆ ತೆರಿಗೆ ರಿಟರ್ನ್ ಹಾಕಿಕೊಡುವ ಮೇಡಂ ಆಫೀಸು. ಮೆಟ್ಟಿಲು ಎಷ್ಟು ಇಕ್ಕಟ್ಟು ಅಂದರೆ, ಇಳಿಯುವವರು ಇಳಿದ ಮೇಲೇ ನಾವು ಹತ್ತಬೇಕು. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ಈಗಿರುವ ಜನರನ್ನು ಕೂರಿಸಲಿಕ್ಕೇ ಕುರ್ಚಿ ಸಾಲುತ್ತಿಲ್ಲವಂತೆ.

ನಾನು ಹೋಗಿದ್ದು 2025ರ ಸೆಪ್ಟೆಂಬರ್ ಮೊದಲ ವಾರ. ಆ ಸಲ ಆದಾಯ ತೆರಿಗೆ ರಿಟರ್ನ್ ಕೊಡುವ ಗಡುವು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹೋಗಿತ್ತಲ್ಲ, ನನ್ನಂಥ ಸೋಮಾರಿಗಳೆಲ್ಲ ಅಲ್ಲೇ ಇದ್ದರು.

ನನಗೆ ಶೋರೂಮಿನಲ್ಲಿ ಕೆಲಸ, ತಿಂಗಳ ಸಂಬಳ. ಅದರ ಜೊತೆಗೆ ಮನೆಯಲ್ಲಿ ಕಾಫಿಪುಡಿ. ಆಲ್ದೂರು ಕಡೆ ಅಪ್ಪನ ಹೆಸರಲ್ಲಿ ಸಣ್ಣ ತೋಟ ಇದೆ. ಅಪ್ಪನ ಹತ್ತಿರ ಒಣಗಿಸಿದ ಚೆರ್ರಿ (ಕಾಫಿ ಹಣ್ಣು) ತಗೊಂಡು, ಮಿಲ್ಲಿನಲ್ಲಿ ಸಿಪ್ಪೆ ತೆಗೆಸಿ, ಭಾನುವಾರ ನಾನೂ ನನ್ನ ಹೆಂಡತಿಯೂ ಹುರಿದು ಪುಡಿ ಮಾಡಿ ಪ್ಯಾಕ್ ಮಾಡುತ್ತೇವೆ. ಕಾಲು ಕೆಜಿಗೆ 175. ವಾರಕ್ಕೆ ಹನ್ನೊಂದು ಕೆಜಿ ಹೋಗುತ್ತದೆ. ಹಿಂದಿನ ವರ್ಷ ಸಂಬಳದ ರಿಟರ್ನ್ ನಾನೇ ಹಾಕಿದ್ದೆ, ಕಾಫಿ ವಿಷಯ ಎತ್ತಿರಲಿಲ್ಲ. ಇದೆಲ್ಲ ಒಂದು ವ್ಯಾಪಾರವಾ ಅಂದುಕೊಂಡಿದ್ದೆ.

ಆದರೆ ಜುಲೈಯಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂದು, ಬೆಂಗಳೂರಿನಲ್ಲಿ ಬೇಕರಿಯವರು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದರಲ್ಲ, ಆವಾಗಿಂದ ಫೋನ್‌ಪೇ ಸದ್ದು ಬಂದರೆ ಎದೆ ಧಸಕ್ ಅನ್ನುತ್ತಿತ್ತು. ಪರಿಚಯದ ಒಬ್ಬ ಏಜೆಂಟರನ್ನು ಕೇಳಿದೆ. 'ತೋಟ ಇದೆಯಲ್ವಾ? ಪೂರ್ತಿ ಕೃಷಿ ಆದಾಯ ಅಂತ ಹಾಕಿಬಿಡೋಣ, ಯಾರು ಕೇಳ್ತಾರೆ' ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಸತ್ಯಹರಿಶ್ಚಂದ್ರ ನಾನೇನಲ್ಲ, ಆದರೂ ಸಹಿ ನನ್ನದು ಅಲ್ವಾ.

ಮೇಡಂ ಮೊದಲು ಕೇಳಿದ್ದೇ ತೋಟ ಯಾರದು ಅಂತ. ಆಮೇಲೆ ಬಿಡಿಸಿ ಹೇಳಿದರು. ಅಪ್ಪ ಬೆಳೆದು ಒಣಗಿಸಿ ಹಾಗೇ ಮಾರಿದರೆ ಅದು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಬೆಳೆದವರೇ ಕ್ಯೂರಿಂಗ್ ಮಾಡಿ, ಅಂದರೆ ಸಿಪ್ಪೆ ತೆಗೆಸಿ ಬೀಜ ಹದ ಮಾಡಿ, ಮಾರಿದರೆ ಲಾಭದ ಶೇ. 25 ಭಾಗ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಹುರಿದು ಪುಡಿಯನ್ನೂ ಮಾಡಿದರೆ ಶೇ. 40. ನಾನು ಬೆಳೆದವನಲ್ಲ, ಕೊಂಡವನು. ಹಾಗಾಗಿ ನನ್ನದು ಪೂರ್ತಿ ವ್ಯಾಪಾರ. ಜಿಎಸ್‌ಟಿ ಭಯಕ್ಕೆ ಒಂದೇ ಮಾತಿನ ಉತ್ತರ: ಸರಕು ಮಾರುವವರಿಗೆ ಮಿತಿ 40 ಲಕ್ಷ, ನಿಮ್ಮದು 4 ಲಕ್ಷ, ಮನೆಗೆ ಹೋಗಿ ಊಟ ಮಾಡಿ.

ಆಮೇಲೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಎಐಎಸ್ ತೆಗೆದರು. ನಮ್ಮ ಬಗ್ಗೆ ಇಲಾಖೆಗೆ ಏನೇನು ಗೊತ್ತಿದೆ ಅನ್ನುವ ಪಟ್ಟಿ ಅದು. ಸಂಬಳ ಇತ್ತು. ಎಸ್‌ಬಿ ಖಾತೆಯ ಬಡ್ಡಿ ಕೂಡ ಇತ್ತು. ಮೌಸ್ ಉರುಳಿಸಿ ಕೊನೆಯವರೆಗೂ ತೋರಿಸಿದರು. ಕಾಫಿ ಎಲ್ಲೂ ಇಲ್ಲ. 'ನೋಡಿದ್ರಲ್ಲ, ಇವತ್ತಿಗೆ ಅವರಿಗೆ ಗೊತ್ತಿಲ್ಲ' ಅಂದು ಸುಮ್ಮನಾದರು. ಹಾಕಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾನೇ 'ಹಾಕಿ ಮೇಡಂ' ಅಂದೆ. ಗಂಟಲು ಒಣಗಿತ್ತು.

ಹಾಕುವುದು ಅಂದರೆ ಎಷ್ಟು ಹಾಕುವುದು? ಅಸಲಿ ತಲೆಬಿಸಿ ಅಲ್ಲಿಂದ ಶುರು. ವರ್ಷದ ಮಾರಾಟ 4,12,000. ಅದರಲ್ಲಿ ಯುಪಿಐ 3,30,000, ನಗದು 82,000. ಆಗಿನ ಆದಾಯ ತೆರಿಗೆ ಕಾನೂನಿನ 44ಎಡಿ ಅನ್ನುವ ಕಲಮಿನಲ್ಲಿ ಸಣ್ಣ ವ್ಯಾಪಾರಿಗಳು ಯುಪಿಐ ದುಡ್ಡಿಗೆ ಶೇ. 6, ನಗದಿಗೆ ಶೇ. 8 ಲಾಭ ಅಂತ ಅಂದಾಜಿನಲ್ಲಿ ಬರೆಯಬಹುದಿತ್ತು. ಹಾಗೆ ಬರೆದರೆ 26,360. ಸಂಬಳ, ಬಡ್ಡಿ ಸೇರಿ, ಸಂಬಳದವರಿಗೆ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 6,55,000 ಇತ್ತು. ಎರಡೂ ಕೂಡಿದರೂ ಆ ವರ್ಷದ ಮಿತಿಯಾದ 7 ಲಕ್ಷದ ಒಳಗೆ, ತೆರಿಗೆ ಸೊನ್ನೆ. ಆದರೆ ಅದೇ ಕಲಮಿನಲ್ಲಿ 'ಅಥವಾ ಅದಕ್ಕಿಂತ ಜಾಸ್ತಿ ಗಳಿಸಿದ್ದರೆ ಅಷ್ಟು' ಅನ್ನುವ ಅರ್ಥದ ಮಾತೂ ಇತ್ತು. ಮೇಡಂ ಅದನ್ನು ನನ್ನಿಂದಲೇ ಓದಿಸಿದರು. 'ಬಹಳ ಜನ ಕನಿಷ್ಠ ಬರೆದು ಎದ್ದು ಹೋಗ್ತಾರೆ. ನಿಮ್ಮ ಪುಸ್ತಕ ಏನು ಹೇಳುತ್ತೆ?'

ಪುಸ್ತಕ ಅಂದರೆ ಮಗಳ ಹಳೆಯ ಕಾಪಿ ಪುಸ್ತಕ. ಅದರಲ್ಲಿ ಲಾಭ 92,000 ಅಂತ ಹೆಮ್ಮೆಯಿಂದ ಬರೆದಿದ್ದೆ. ಮೇಡಂ ಪೆನ್ಸಿಲ್ ಹಿಡಿದು ಕೂತರು. ಗ್ಯಾಸ್ ಸಿಲಿಂಡರ್ ಎಲ್ಲಿ? ಆಲ್ದೂರಿಗೆ ಹೋಗಿಬರುವ ಪೆಟ್ರೋಲ್? ಮಿಲ್ಲಿನ ಕೂಲಿ? ಪ್ಯಾಕೆಟ್, ಚಿಕೋರಿ, ಕೊರಿಯರ್? ಅರ್ಧ ಗಂಟೆ ಆದ ಮೇಲೆ 51,000ಕ್ಕೆ ಬಂದು ನಿಂತಿತು. ಕೂಡಿದರೆ 7,06,000. ಬರೀ ಆರು ಸಾವಿರ ದಾಟಿತ್ತು.

ಆಗ ನನ್ನ ತಲೆಗೆ ಬಂದಿದ್ದು ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಅಪ್ಪನ ಚೆರ್ರಿಗೆ ಕಾಗದದ ಮೇಲೆ ರೇಟು ಚೂರು ಏರಿಸಿದರೆ ಆರು ಸಾವಿರ ಮಾಯ. ಅಪ್ಪನದು ಕೃಷಿ ಆದಾಯ, ಅವರಿಗೂ ತೊಂದರೆ ಇಲ್ಲ. ಬಾಯಿಬಿಟ್ಟು ಹೇಳಿಯೂ ಹೇಳಿದೆ. ಮೇಡಂ ತಲೆ ಎತ್ತದೆ ಕೇಳಿದರು: 'ಆ ದುಡ್ಡು ಅಪ್ಪನ ಕೈಗೆ ಹೋಗಿದೆಯಾ?'

ಹೋಗಿರಲಿಲ್ಲ. ಪೇಟೆ ರೇಟಿಗಿಂತ ಕಡಿಮೆಗೇ ಅಪ್ಪ ಕೊಡುತ್ತಿದ್ದದ್ದು.

ಆ ವರ್ಷ 7 ಲಕ್ಷದ ಮೇಲೆ ಸ್ವಲ್ಪವೇ ದಾಟಿದವರಿಗೆ ದಾಟಿದಷ್ಟಕ್ಕಿಂತ ಜಾಸ್ತಿ ತೆರಿಗೆ ಬೀಳದ ಹಾಗೆ ಒಂದು ರಿಯಾಯಿತಿ ಇತ್ತು. ಇಲ್ಲದಿದ್ದರೆ 20,000ಕ್ಕೂ ಮೇಲೆ ಆಗುತ್ತಿತ್ತು. 6,000, ಮೇಲೆ ಶೇ. 4 ಸೆಸ್ 240. ಒಟ್ಟು 6,240 ಕಟ್ಟಿ ಐಟಿಆರ್-4 ಅನ್ನುವ ರಿಟರ್ನ್ ಫಾರಂ ಹಾಕಿಸಿದೆ. ಮನೆಯಲ್ಲಿ ಹೇಳಿದಾಗ ಹೆಂಡತಿ ಬೆರಳು ಮಡಚಿ ಲೆಕ್ಕ ಹಾಕಿದಳು: 'ಅಂದ್ರೆ ಆರು ಭಾನುವಾರ ಹುರಿದಿದ್ದು ಅವ್ರಿಗೆ ಹೋಯ್ತು ಅನ್ನಿ.' ಲೆಕ್ಕ ಸರಿಯಾಗೇ ಇತ್ತು. ಹಿಂದಿನ ವರ್ಷದ್ದನ್ನೂ ಮೇಡಂಗೆ ತೋರಿಸಿದೆ. ಆಗ ಸಂಬಳ ಕಡಿಮೆ, ಕಾಫಿ ಸೇರಿಸಿದರೂ 7 ಲಕ್ಷ ಮುಟ್ಟುತ್ತಿರಲಿಲ್ಲ.

ಇನ್ನು ದೂರುಗಳು. ಟೋಕನ್ ಇಲ್ಲ, ಎರಡೂವರೆ ಗಂಟೆ ಕಾದೆ. ವಾಟ್ಸಾಪ್ ಮೆಸೇಜಿಗೆ ಮೂರನೇ ದಿನ ಉತ್ತರ, ಅದೂ ಒಂದು ಹೆಬ್ಬೆರಳು. ಸಹಾಯಕ್ಕಿರುವ ಹುಡುಗ ನನ್ನ ಬ್ಯಾಂಕ್ ಖಾತೆ ನಂಬರನ್ನು ಒಂದು ಸಲ ತಪ್ಪು ಹೊಡೆದಿದ್ದ, ನಾನೇ ನೋಡಿ ಹೇಳಿದೆ. ಫೀಸು 1,500. ಸಂಬಳ ಮಾತ್ರ ಇರುವವರಿಗೆ ಜಾಸ್ತಿ ಅನ್ನಿಸಬಹುದು, ಅವರು ತಾವೇ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು. ರಸೀದಿ ಕೇಳದೆಯೇ ಕೊಟ್ಟರು. ಹೋಗುವವರು ಪ್ಯಾನ್, ಆಧಾರ್‌ಗೆ ಜೋಡಿಸಿದ ಮೊಬೈಲ್, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಒಯ್ಯಿರಿ. ಚೀಟಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಬೇಡಿ, ಬೈಸಿಕೊಳ್ಳುತ್ತೀರಿ.

ಒಂದು ನಷ್ಟ ಮಾತ್ರ ಲೆಕ್ಕಕ್ಕೆ ಬಂದಿಲ್ಲ. ಈ ಕಥೆ ಪೂರ್ತಿ ಕೇಳಿದ ಅಪ್ಪ ಎಲೆಅಡಿಕೆ ಜಗಿಯುತ್ತಾ, 'ಹಂಗಾದ್ರೆ ಈ ಸಲದಿಂದ ಮೂಟೆಗೆ ಪೇಟೆ ರೇಟೇ ಕೊಟ್ಬಿಡು ಮಗಾ' ಅಂದಿದ್ದಾರೆ.