ಘಮ ಸಾಲದಿದ್ದರೆ ಇನ್ನಷ್ಟು ಹಾಕಿ ಅನ್ನುವವರ ಹತ್ತಿರ ಎಣ್ಣೆ ತಗೋಬೇಡಿ

ಕ್ಯಾಂಡಲ್ ಮಾಡುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಕೋಪದಲ್ಲಿ ಬರೆಯುತ್ತಿದ್ದೇನೆ, ಹಿಂದುಮುಂದಾದರೆ ಹೊಂದಿಸಿಕೊಳ್ಳಿ. ಆನ್‌ಲೈನಲ್ಲಿ ಫ್ರೇಗ್ರೆನ್ಸ್ ಆಯಿಲ್, ಅಂದರೆ ಮೇಣಕ್ಕೆ ಬೆರೆಸುವ ಘಮದ ಎಣ್ಣೆ, ಮಾರುವ ಒಬ್ಬರು ನನಗೆ ತೆಳು ಮಾಡಿದ ಎಣ್ಣೆ ಕೊಟ್ಟರು. ಘಮ ಬರ್ತಿಲ್ಲ ಅಂದಾಗಲೆಲ್ಲ "ಇನ್ನೂ ಜಾಸ್ತಿ ಹಾಕಿ" ಅಂದರು. ಪ್ರತಿ ಸಲವೂ ಅದೇ ಉತ್ತರ. ಎಣ್ಣೆಯಲ್ಲಿ ತೊಂದರೆ ಇರಬಹುದು ಅನ್ನುವ ಮಾತು ಮಾತ್ರ ಅವರ ಬಾಯಿಂದ ಬರಲೇ ಇಲ್ಲ.

ಲೆಕ್ಕ ನಿಮಗೆ ಗೊತ್ತೇ ಇದೆ. ಸೋಯಾ ಮೇಣಕ್ಕೆ ಸಾಮಾನ್ಯವಾಗಿ 6ರಿಂದ 10 ಪರ್ಸೆಂಟ್. ಅಂದರೆ ಒಂದು ಕೆಜಿ ಮೇಣಕ್ಕೆ 60ರಿಂದ 100 ಗ್ರಾಂ ಎಣ್ಣೆ, ಅದೂ ತಕ್ಕಡಿಯಲ್ಲಿ ತೂಗಿ. ನಾನು ಬಳಸುವ ಮೇಣದ ಪ್ಯಾಕೆಟ್ ಮೇಲೆ ಗರಿಷ್ಠ 10 ಅಂತ ಬರೆದಿದೆ, ನಾನು 8ಕ್ಕೆ ನಿಲ್ಲಿಸುತ್ತೇನೆ. ಬೇರೆ ಕಡೆ ತಗೊಂಡ ಲ್ಯಾವೆಂಡರ್ 6 ಪರ್ಸೆಂಟಿಗೇ ರೂಮು ತುಂಬುತ್ತದೆ. ಇವರ ಮಲ್ಲಿಗೆಯನ್ನೂ ಅದೇ ಮೇಣ, ಅದೇ ಬತ್ತಿ, ಅದೇ ಗಾಜಿನ ಡಬ್ಬಿಯಲ್ಲೇ ಹಾಕಿದ್ದು. ಬೇರೆಯಾಗಿದ್ದು ಎಣ್ಣೆ ಒಂದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಆಮೇಲೆ ಎಲ್ಲ ತಪ್ಪನ್ನೂ ನನ್ನ ಬತ್ತಿಯ ತಲೆಗೇ ಕಟ್ಟಿದರು.

ಬಾಟಲಿ ತೆಗೆದಾಗ ಘಮ ಚೆನ್ನಾಗಿಯೇ ಇತ್ತು. ಅಲ್ಲೇ ಮೋಸ ಹೋಗುವುದು ನೋಡಿ. ಕ್ಯಾಂಡಲ್ ಗಟ್ಟಿಯಾದ ಮೇಲೆ ಮೂಗಿನ ಹತ್ತಿರ ಹಿಡಿದರೆ ಸ್ವಲ್ಪ ಬರುತ್ತಿತ್ತು, ಹಚ್ಚಿದರೆ ಏನೂ ಇಲ್ಲ. ಬಿಸಿ ಮೇಣದ ವಾಸನೆ ಮಾತ್ರ. ಮೆಸೇಜ್ ಮಾಡಿದೆ. ತಕ್ಷಣ ಉತ್ತರ ಬಂತು, ತುಂಬಾ ಪ್ರೀತಿಯಿಂದ.

"ಸೋಯಾ ಅಲ್ವಾ ಮೇಡಂ, ಎರಡು ವಾರ ಕ್ಯೂರ್ ಆಗಲಿ, ಆಮೇಲೆ ನೋಡಿ."

ಇದು ಸುಳ್ಳಲ್ಲ. ಕ್ಯೂರ್ ಅಂದರೆ ಗಟ್ಟಿಯಾದ ಕ್ಯಾಂಡಲನ್ನು ಹಚ್ಚದೆ ಹಾಗೇ ಇಡುವುದು. ಸೋಯಾಗೆ ಒಂದೆರಡು ವಾರ ಹಾಗೆ ಬಿಟ್ಟರೆ ಘಮ ನಿಜವಾಗಿಯೂ ಚೆನ್ನಾಗಿ ಬಿಡುತ್ತದೆ. ಅದಕ್ಕೇ ನಂಬಿದೆ. ಕಾದೆ. ಏನೂ ಬದಲಾಗಲಿಲ್ಲ. ಮತ್ತೆ ಮೆಸೇಜ್ ಮಾಡಿ ವಾಪಸ್ ತಗೊಳ್ಳಿ ಅಂದೆ. ಆಗ ಬಂದ ಉತ್ತರ ಇದು: "ವಾಪಸಾತಿಗೆ 7 ದಿನ ಮಾತ್ರ ಮೇಡಂ, ನಿಮ್ಮದು ಮುಗಿದಿದೆ." ಮೊಬೈಲ್ ಹಿಡಿದು ಹಾಗೇ ಕೂತೆ. ಎರಡು ವಾರ ಕಾಯಿರಿ ಅಂದವರೂ ಇವರೇ, 7 ದಿನ ಆಯ್ತು ಅನ್ನುವವರೂ ಇವರೇ! ಅದೂ ಎರಡೂ ಮಾತು ಒಂದೇ ಚಾಟಿನಲ್ಲಿ, ಒಂದರ ಕೆಳಗೆ ಒಂದು. ಅದನ್ನೇ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ಕೈ ಮುಗಿಯುವ ಇಮೋಜಿ ಬಂತು.

ಆಮೇಲೆ ಶುರುವಾಯಿತು "ಜಾಸ್ತಿ ಹಾಕಿ" ಪುರಾಣ. 8 ಸಾಲದು, 10 ಹಾಕಿ. ಸರಿ, ಪ್ಯಾಕೆಟ್ ಮೇಲಿನ ಮಿತಿಯೂ ಅಷ್ಟೇ, ಹಾಕಿದೆ. ಪರಿಚಯದವರೊಬ್ಬರ ಸಮಾರಂಭಕ್ಕೆ ಟೇಬಲ್ ಮೇಲೆ ಇಡಲು ಕ್ಯಾಂಡಲ್ ಬೇಕು ಅಂದಿದ್ದರು, ಆ ಬ್ಯಾಚ್ ಅಲ್ಲಿಗೆ ಹೋಯಿತು. ಅಲ್ಲಿ ಹೋಗಿ ನೋಡಿದರೆ ಕ್ಯಾಂಡಲ್ ಮೇಲೆಲ್ಲ ಬೆವರಿನ ಹಾಗೆ ಹನಿ ಹನಿ ಎಣ್ಣೆ. ಹಚ್ಚಿದರೆ ಬತ್ತಿ ಪಟಪಟ ಅಂತ ಸದ್ದು ಮಾಡಿ, ಸಣ್ಣಗಾಗಿ, ಆರಿ ಹೋಗುವುದು. ಕೆಲವು ಉರಿದವು, ಆದರೆ ಗಾಜಿನ ಬಾಯಿಗೆಲ್ಲ ಕಪ್ಪು ಮಸಿ. ಒಂದು ಡಬ್ಬಿಯಿಂದ ಎಣ್ಣೆ ಇಳಿದು ಬಟ್ಟೆಯ ಮೇಲೆ ಕಲೆ ಬೇರೆ. ಅವರು ಏನೂ ಅನ್ನಲಿಲ್ಲ, ನಕ್ಕರು. ನಗುವುದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ನನ್ನ ಹೆಸರು ಬರೆದ ಲೇಬಲ್ ಅಂಟಿಸಿದ್ದೆನಲ್ಲ, ಬಂದವರೆಲ್ಲ ಡಬ್ಬಿ ತಿರುಗಿಸಿ ಓದುತ್ತಿದ್ದರು.

ಅದರ ಫೋಟೋ ಕಳಿಸಿದ್ದಕ್ಕೆ ಏನು ಉತ್ತರ ಬಂತು ಗೊತ್ತಾ? "ಬತ್ತಿ ದಪ್ಪ ಮಾಡಿ, 15 ಪರ್ಸೆಂಟ್ ಹಾಕಿ." ಹದಿನೈದು! ಮೇಣ ಹಿಡಿಯುವುದೇ 10, ಉಳಿದ ಎಣ್ಣೆ ಎಲ್ಲಿಗೆ ಹೋಗಬೇಕು? ಮೇಲೆ ಬಂದು ಕೂರುತ್ತದೆ, ಇಲ್ಲ ತಳದಲ್ಲಿ ನಿಲ್ಲುತ್ತದೆ. ಅದಕ್ಕೆ ದಪ್ಪ ಬತ್ತಿ ಬೇರೆ ಇಟ್ಟರೆ ಜ್ವಾಲೆ ಎದ್ದು ಮೇಲಿನ ಎಣ್ಣೆಗೇ ಹತ್ತಿಕೊಳ್ಳಬಹುದು. ಹಾಗೇನಾದರೂ ಆದರೆ ನೀರು ಮಾತ್ರ ಹಾಕಬೇಡಿ, ಉರಿಯುವ ಮೇಣಕ್ಕೆ ನೀರು ಬಿದ್ದರೆ ಬೆಂಕಿ ಎಗರುತ್ತದೆ. ಲೋಹದ ಮುಚ್ಚಳ ಮುಚ್ಚಿ. ಇದನ್ನೆಲ್ಲ ಎಣ್ಣೆ ಮಾರುವವರು ನಮಗೆ ಹೇಳಬೇಕಲ್ವಾ, ನಾವು ಅವರಿಗಲ್ಲ.

15 ಹಾಕಲ್ಲ ಅಂದೆ. ಆಗ ಒಂದು ಪಿಡಿಎಫ್ ಬಂತು. ಇಫ್ರಾ ಸರ್ಟಿಫಿಕೇಟ್, ಅಂದರೆ ಘಮದ ವಸ್ತುಗಳ ಸುರಕ್ಷತೆಗೆ ಮಿತಿ ಹಾಕುವ ಅಂತಾರಾಷ್ಟ್ರೀಯ ಸಂಸ್ಥೆಯ ನಿಯಮದ ಪ್ರಕಾರ ಕೊಡುವ ಕಾಗದ. ಅದರಲ್ಲಿ ಕ್ಯಾಟಗರಿ 12ರ ಮುಂದೆ 100 ಪರ್ಸೆಂಟ್ ಅಂತ ಇತ್ತು. "ನೋಡಿ ಮೇಡಂ, ಅಂತಾರಾಷ್ಟ್ರೀಯ ಸಂಸ್ಥೆಯೇ 100ರ ತನಕ ಓಕೆ ಅಂದಿದೆ, ನೀವು 15ಕ್ಕೆ ಹೆದರ್ತೀರಾ."

ಈ ಮಾತಿಗೆ ಇವತ್ತಿಗೂ ಮೈ ಉರಿಯುತ್ತದೆ. ಹೊಸಬರು ಯಾರಾದರೂ ಇದನ್ನು ನಂಬಿದರೆ ಏನು ಗತಿ? ಕ್ಯಾಂಡಲ್‌ಗಳು ಕ್ಯಾಟಗರಿ 12ರಲ್ಲಿ ಬರುತ್ತವೆ, ಅದು ಸರಿ. ಆದರೆ ಆ ಮಿತಿ ಇರುವುದು ಎಣ್ಣೆಯಲ್ಲಿರುವ ವಸ್ತುಗಳು ಬಳಸುವವರಿಗೆ, ಅದರಲ್ಲೂ ಚರ್ಮಕ್ಕೆ, ತೊಂದರೆ ಕೊಡಬಾರದು ಅಂತ. ಕ್ಯಾಂಡಲನ್ನು ಯಾರೂ ಮೈಗೆ ಹಚ್ಚಿಕೊಳ್ಳುವುದಿಲ್ಲ, ಅದಕ್ಕೇ ಅಲ್ಲಿ ಎಷ್ಟೋ ಎಣ್ಣೆಗಳಿಗೆ 100 ಅಂತ ಇರುತ್ತದೆ. ಮೇಣ ಎಷ್ಟು ಎಣ್ಣೆ ಹಿಡಿಯುತ್ತದೆ, ಬತ್ತಿ ಎಷ್ಟು ಎಳೆಯುತ್ತದೆ ಅನ್ನುವುದಕ್ಕೂ ಆ ಕಾಗದಕ್ಕೂ ಸಂಬಂಧವೇ ಇಲ್ಲ. ಆ 100 ನಿಜ ಆದರೆ ಮೇಣವೇ ಬೇಡ, ಬಾಟಲಿಗೇ ಬತ್ತಿ ಇಳಿಸಿ ಹಚ್ಚಬಹುದಿತ್ತು! ಇದನ್ನೇ ಬರೆದು ಕಳಿಸಿದೆ. ಉತ್ತರ ಇಲ್ಲ.

ಫ್ಲಾಶ್ ಪಾಯಿಂಟ್ ಕಥೆಯನ್ನೂ ಹೇಳಿದರು. ಇವರ ಎಣ್ಣೆಯದು 65 ಡಿಗ್ರಿಯಂತೆ, ಅದಕ್ಕಿಂತ ಬಿಸಿ ಮೇಣಕ್ಕೆ ಹಾಕಿದ್ದರಿಂದ ಘಮ ಹಾರಿ ಹೋಗಿದೆಯಂತೆ. ಸುಮ್ನೆ ಮಾತು. ಹತ್ತಿರ ಕಿಡಿ ಇದ್ದರೆ ಎಣ್ಣೆಯ ಆವಿ ಹೊತ್ತಿಕೊಳ್ಳುವ ಬಿಸಿ ಅದು, ಘಮ ಹಾರಿ ಹೋಗುವ ಬಿಸಿ ಅಲ್ಲ. ಸೋಯಾಗೆ 80-85 ಡಿಗ್ರಿಯಲ್ಲಿ ಎಣ್ಣೆ ಹಾಕಿ ಒಂದೆರಡು ನಿಮಿಷ ನಿಧಾನಕ್ಕೆ ತಿರುಗಿಸುವುದು ಎಲ್ಲರೂ ಮಾಡುವುದೇ. ನನ್ನ ಲ್ಯಾವೆಂಡರ್ ಹಾರಿ ಹೋಗಲಿಲ್ಲ, ಇವರ ಮಲ್ಲಿಗೆಗೆ ಮಾತ್ರ ರೆಕ್ಕೆ ಇತ್ತಾ?

ಕೊನೆಗೆ ಒಂದೇ ಪ್ರಶ್ನೆ ಕೇಳಿದೆ. ಇದರಲ್ಲಿ ಡಿಪಿಜಿ ಇದೆಯಾ, ಇದ್ದರೆ ಎಷ್ಟು? ಡಿಪಿಜಿ ಅಂದರೆ ಡೈಪ್ರೊಪಿಲೀನ್ ಗ್ಲೈಕಾಲ್. ಘಮದ ಎಣ್ಣೆ ತೆಳು ಮಾಡಲು ಹಾಕುತ್ತಾರೆ. ಕಡ್ಡಿ ಇಡುವ ಡಿಫ್ಯೂಸರ್‌ಗೆ ಪರವಾಗಿಲ್ಲ, ಮೇಣದ ಜೊತೆ ಮಾತ್ರ ಸರಿಯಾಗಿ ಬೆರೆಯುವುದಿಲ್ಲ. ಜಾಸ್ತಿ ಇದ್ದರೆ ಬೆವರುತ್ತದೆ, ಬತ್ತಿ ಕಟ್ಟಿಕೊಳ್ಳುತ್ತದೆ. ನನಗೆ ಆಗಿದ್ದು ಅದೇ ಅಲ್ವಾ. ಈ ಒಂದು ಪ್ರಶ್ನೆಗೆ, ಮೆಸೇಜ್ ಓದಿದ ಗುರುತು ಬಿದ್ದ ಮೇಲೂ, ಸುಮಾರು ಹೊತ್ತು ಏನೂ ಬರಲಿಲ್ಲ. ಆಮೇಲೆ, "ಅದು ನಮ್ಮ ಸೀಕ್ರೆಟ್ ಫಾರ್ಮುಲಾ ಮೇಡಂ." ಸ್ವಲ್ಪ ಹೊತ್ತಿಗೆ ಇನ್ನೊಂದು: "ಸ್ಟ್ರಾಂಗ್ ಬೇಕಾದರೆ ನಮ್ಮ ಪ್ರೀಮಿಯಂ ಸಾಲು ಇದೆ, ಅದು ಕ್ಯಾಂಡಲ್‌ಗೇ ಅಂತ ಮಾಡಿದ್ದು." ಹಾಗಾದರೆ ನನಗೆ ಕೊಟ್ಟಿದ್ದು ಯಾವುದಕ್ಕೆ ಮಾಡಿದ್ದು? ಅವರ ಪೇಜಿನಲ್ಲಿ ದೊಡ್ಡ ಅಕ್ಷರದಲ್ಲಿ ಕ್ಯಾಂಡಲ್ ಆಯಿಲ್ ಅಂತಲೇ ಇತ್ತು. ಪ್ರೀಮಿಯಂ ಅಂತೆ!

ಲೆಕ್ಕ ಹಾಕಿ ನೋಡಿ. 6 ಪರ್ಸೆಂಟಿನಲ್ಲಿ ಮುಗಿಯುವ ಕೆಲಸಕ್ಕೆ 12 ಹಾಕಿಸಿದರೆ ಅದೇ ಒಂದು ಕೆಜಿ ಮೇಣಕ್ಕೆ 60 ಗ್ರಾಂ ಬದಲು 120 ಗ್ರಾಂ ಎಣ್ಣೆ ಹೋಗುತ್ತದೆ. ಅವರಿಗೆ ಎರಡರಷ್ಟು ವ್ಯಾಪಾರ. ತೆಳು ಎಣ್ಣೆ ಮಾರಿದಷ್ಟೂ ಲಾಭ.

ತಗೊಳ್ಳುವ ಮುಂಚೆ ಕೇಳಿ: ತೆಳು ಮಾಡಿದ್ದಾ, ಯಾವುದರಿಂದ, ಯಾವ ಮೇಣದಲ್ಲಿ ಎಷ್ಟು ಪರ್ಸೆಂಟಿಗೆ ಟೆಸ್ಟ್ ಮಾಡಿದ್ದೀರಿ. ನೇರ ಉತ್ತರ ಕೊಡದಿದ್ದರೆ ಬಿಟ್ಟುಬಿಡಿ. ತೂಗುವುದು ಬಿಟ್ಟು ಇಷ್ಟು ಮುಚ್ಚಳ, ಇಷ್ಟು ಹನಿ ಹಾಕಿ ಅನ್ನುವವರ ಹತ್ತಿರವಂತೂ ಬೇಡವೇ ಬೇಡ. ಮೇಣದವರು ಕೊಟ್ಟ ಮಿತಿ ದಾಟಬೇಡಿ, ಯಾರು ಎಷ್ಟೇ ಮೇಡಂ ಸರ್ ಅಂದರೂ. ಮೊದಲ ಸಲ ಸಣ್ಣ ಬಾಟಲಿಯನ್ನೇ ತಗೊಳ್ಳಿ. ವಾಪಸಾತಿ ಅವಧಿ ಕ್ಯೂರಿಂಗ್‌ಗಿಂತ ಕಡಿಮೆ ಇದ್ದರೆ, ಕ್ಯೂರ್ ಆಗಲಿ ಅಂತ ಅವರು ಅಂದ ದಿನವೇ ಅವಧಿ ಹೆಚ್ಚಿಸಿ ಅಂತ ಬರಹದಲ್ಲಿ ಕೇಳಿ. ಇಂಥ ಎಣ್ಣೆ ಈಗಾಗಲೇ ಮನೆಗೆ ಬಂದಿದ್ದರೆ ಮೇಣಕ್ಕೆ ಹಾಕಬೇಡಿ, ಕಡ್ಡಿ ಡಿಫ್ಯೂಸರ್‌ಗೆ ಸುರಿಯಿರಿ. ನನ್ನ ಹತ್ತಿರ ಉಳಿದ ಮಲ್ಲಿಗೆ ಅಲ್ಲಿಗೇ ಹೋಗಿದ್ದು, ಅಲ್ಲಿ ಘಮಘಮ ಅನ್ನುತ್ತಿದೆ.