ಚುಕ್ಕಾಣಿ ಮೋಟಾರಿಗೆ ಎಲ್298ಎನ್ ಸಾಕಾ, ಬಿಟಿಎಸ್7960 ಬೇಕಾ?

ಎರಡೂ ಮೋಟಾರ್ ಡ್ರೈವರ್ ಬೋರ್ಡುಗಳು, ಅಂದರೆ ಮೈಕ್ರೋಕಂಟ್ರೋಲರ್ ಹೇಳಿದಂತೆ ದೋಣಿಯ ಚುಕ್ಕಾಣಿ ತಿರುಗಿಸುವ ಮೋಟಾರಿಗೆ ಕರೆಂಟ್ ಕೊಡುವಂಥವು. ಮೇಜಿನ ಮೇಲೆ ಪುಟ್ಟ ಮೋಟಾರ್ ತಿರುಗಿಸಿ ಪ್ರೋಗ್ರಾಂ ಪರೀಕ್ಷಿಸಲು ಎಲ್298ಎನ್ ಸಾಕು. ಆದರೆ ಒಂದು ಚಾನೆಲ್‌ಗೆ 2 ಆಂಪಿಯರ್ ಅದರ ಮಿತಿ. ಅದರಲ್ಲೂ ಸುಮಾರು 2 ವೋಲ್ಟ್ ಚಿಪ್‌ನಲ್ಲೇ ಬಿಸಿಯಾಗಿ ಹೋಗುತ್ತದೆ. ಅಲೆ ಚುಕ್ಕಾಣಿಯನ್ನು ತಳ್ಳಿದಾಗ ಮೋಟಾರ್ ಎಳೆಯುವ ಕರೆಂಟ್ ಇದಕ್ಕಿಂತ ಜಾಸ್ತಿ, ಅಲ್ವಾ?

ಬಿಟಿಎಸ್7960 ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್ ಸ್ವಿಚ್) ಬೋರ್ಡ್. ವೋಲ್ಟೇಜ್ ನಷ್ಟ ತೀರಾ ಕಡಿಮೆ. ಮಾರುವವರು ಹೇಳುವ 43 ಆಂಪಿಯರನ್ನು ಮಾತ್ರ ಸುಮ್ನೆ ನಂಬಬೇಡಿ. ಆ ಸಣ್ಣ ಹೀಟ್‌ಸಿಂಕ್‌ನಲ್ಲಿ ಅಷ್ಟು ಕರೆಂಟ್ ಸತತವಾಗಿ ಹರಿಯದು. ಬಲಕ್ಕೊಂದು, ಎಡಕ್ಕೊಂದು ಪಿಡಬ್ಲ್ಯೂಎಂ (ವೇಗ ಹೇಳುವ ಪಲ್ಸ್ ಸಂಕೇತ) ತಂತಿ ಕೊಡಿ. ಬೋರ್ಡನ್ನು ಚಾಲೂ ಮಾಡುವ ಎರಡು ಎನೇಬಲ್ ಪಿನ್ನುಗಳನ್ನೂ ಮರೆಯಬೇಡಿ. ಕರೆಂಟ್ ಅಳೆಯುವ ಪಿನ್ನುಗಳೂ ಇವೆ, ಚುಕ್ಕಾಣಿ ಸಿಕ್ಕಿಕೊಂಡರೆ ಗೊತ್ತಾಗುತ್ತದೆ. ನನ್ನ ಆಯ್ಕೆ ಇದೇ.

ಯಾವುದಾದರೂ ಸರಿ, ಬೋರ್ಡಿನ ಗ್ರೌಂಡ್ ಮೈಕ್ರೋಕಂಟ್ರೋಲರ್ ಗ್ರೌಂಡಿಗೆ ಸೇರಿರಲಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ.